ಕನ್ನಡಕ್ಕೆ ಬೋಲ್ಡ್ ಇಟಾಲಿಕ್ ಒಗ್ಗುತ್ತಾ? ಕಬಡ್ಡಿ ಜೆರ್ಸಿಯಿಂದ ಶುರುವಾದ ತಲೆನೋವು

ಮಂಡ್ಯ ಫ್ಲೆಕ್ಸಣ್ಣ

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ನನ್ನದೊಂದು ಸಣ್ಣ ಡಿಟಿಪಿ, ಫ್ಲೆಕ್ಸ್ ಅಂಗಡಿ ಇದೆ. ಹೋದ ವಾರ ಮದ್ದೂರು ಕಡೆಯ ಹುಡುಗರು ಕಬಡ್ಡಿ ಜೆರ್ಸಿ ಮಾಡಿಸಲು ಬಂದರು. ಎದೆಯ ಮೇಲೆ ಇಂಗ್ಲಿಷಿನಲ್ಲಿ ಊರ ಹೆಸರು. ಬೆನ್ನ ಮೇಲೆ ದೊಡ್ಡದಾಗಿ ‘ಮಂಡ್ಯ’, ಅದರ ಕೆಳಗೆ ಆಟಗಾರನ ಹೆಸರು, ಕನ್ನಡ ಅಂಕಿ. ಅವರು ಹೇಳಿದ್ದು ಒಂದೇ ಮಾತು: “ಅಕ್ಷರ ನಿಂತಿರಬಾರದು ಅಣ್ಣ, ನುಗ್ಗೋ ಥರ ಇರಬೇಕು.”

ಇಂಗ್ಲಿಷನ್ನು ದಪ್ಪ, ಓರೆ ಅಕ್ಷರದ ಹೆಲ್ವೆಟಿಕಾ ಬೋಲ್ಡ್ ಓಬ್ಲಿಕ್‌ನಲ್ಲಿ ಹಾಕಿದೆ. ಚೆನ್ನಾಗಿ ಬಂತು. ನಿಜಕ್ಕೂ ರೈಡ್‌ಗೆ ಹೊರಟ ಹಾಗೆ ಇತ್ತು. ಕನ್ನಡವನ್ನು ನೋಟೊ ಸ್ಯಾನ್ಸ್ ಕನ್ನಡದ ಬೋಲ್ಡ್‌ನಲ್ಲಿ ಟೈಪ್ ಮಾಡಿ, ಇಟಾಲಿಕ್ ಮಾಡಲು ಕಂಟ್ರೋಲ್ ಐ ಒತ್ತಿದೆ. ಏನು ಹೇಳಲಿ, ಹಬ್ಬ ಮುಗಿದ ಮೂರನೇ ದಿನದ ಬಾಳೆಕಂಬದ ಥರ ವಾಲಿಕೊಂಡಿತು. ನುಗ್ಗುತ್ತಿಲ್ಲ, ಬೀಳುತ್ತಿದೆ.

ನನ್ನ ಕಣ್ಣಿನ ದೋಷವೋ, ಫಾಂಟಿನ ದೋಷವೋ ಗೊತ್ತಾಗಲಿಲ್ಲ. ಕನ್ನಡಕ್ಕೆ ಸರಿಯಾದ ಬೋಲ್ಡ್ ಇಟಾಲಿಕ್ ಅಂತ ಒಂದು ಇದೆಯಾ? ಇಲ್ಲದಿದ್ದರೆ ನೀವೆಲ್ಲ ಏನು ಮಾಡುತ್ತೀರಿ?

ಕಬ್ಬಿನಗದ್ದೆ

ಗಿರಾಕಿ ಕೇಳಿದ್ದು ಕೊಡಿ, ದುಡ್ಡು ಎಣಿಸಿ. ಬೆನ್ನ ಮೇಲಿನ ಅಕ್ಷರ ಆಟಗಾರನಿಗೇ ಕಾಣಲ್ಲ. ಎದುರಾಳಿಗೆ ಓದುವಷ್ಟು ಪುರುಸೊತ್ತು ಎಲ್ಲಿದೆ?

ಮಂಡ್ಯ ಫ್ಲೆಕ್ಸಣ್ಣ

ಎಣಿಸಬಹುದು. ಆದರೆ ನೂರಾರು ಜನ ಸೇರುವ ಪಂದ್ಯ. ‘ಎಲ್ಲಿ ಮಾಡಿಸಿದ್ದು?’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ.

ಸೊನ್ನೆ ಸುತ್ತು

ನಿಮ್ಮ ಕಣ್ಣು ಸರಿಯಾಗಿಯೇ ಇದೆ. ನಾನು ಮೈಸೂರಿನಲ್ಲಿ ಅಕ್ಷರ ವಿನ್ಯಾಸ ಮಾಡುತ್ತೇನೆ, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ, ಸಹಿಸಿಕೊಳ್ಳಿ.

ನೋಟೊ ಸ್ಯಾನ್ಸ್ ಕನ್ನಡದಲ್ಲಿ ತೆಳುವಿನಿಂದ ತುಂಬ ದಪ್ಪದವರೆಗೆ ಎಲ್ಲ ತೂಕಗಳೂ ಇವೆ. ಇಟಾಲಿಕ್ ಇಲ್ಲ. ನೀವು ಕಂಟ್ರೋಲ್ ಐ ಒತ್ತಿದಾಗ ಸಾಫ್ಟ್‌ವೇರ್ ಬೇರೆ ಫಾಂಟ್ ತರಲಿಲ್ಲ. ಇದ್ದ ಅಕ್ಷರವನ್ನೇ ಪಕ್ಕಕ್ಕೆ ತಳ್ಳಿತು, ಅಷ್ಟೇ. ಇಸ್ಪೀಟ್ ಕಟ್ಟನ್ನು ಮೇಜಿನ ಮೇಲಿಟ್ಟು ಮೇಲಿಂದ ಬಲಕ್ಕೆ ಸರಿಸಿದರೆ ಹೇಗೆ ಓರೆಯಾಗುತ್ತೋ ಹಾಗೆ.

ಸಾಮಾನ್ಯವಾಗಿ ಈ ತಳ್ಳು ಸುಮಾರು 14 ಡಿಗ್ರಿ ಇರುತ್ತದೆ. ಅಂದರೆ ನಾಲ್ಕು ಇಂಚು ಎತ್ತರಕ್ಕೆ ಒಂದು ಇಂಚು ಬಲಕ್ಕೆ. ಈಗ ಒಂದು ಬಳೆಯನ್ನು ಹಾಗೆ ತಳ್ಳಿದಿರಿ ಅಂದುಕೊಳ್ಳಿ. ಸುತ್ತಲೂ ಒಂದೇ ದಪ್ಪ ಇದ್ದ ಬಳೆ ಈಗ ಮೇಲಿನ ಬಲ ಮೂಲೆಯಲ್ಲೂ ಕೆಳಗಿನ ಎಡ ಮೂಲೆಯಲ್ಲೂ ಶೇ. 13ರಷ್ಟು ದಪ್ಪವಾಗುತ್ತದೆ. ಉಳಿದ ಎರಡು ಮೂಲೆಗಳಲ್ಲಿ ಶೇ. 12ರಷ್ಟು ಸಣ್ಣಗಾಗುತ್ತದೆ. ಲೆಕ್ಕ ಹಾಕಿ ನೋಡಿ, ಕಾಲೇಜಿನ ಗಣಿತ ಸಾಕು.

ಇಂಗ್ಲಿಷಿನ ದೊಡ್ಡಕ್ಷರ ಎಚ್, ಐ, ಎಲ್, ಎನ್, ಎಂ ಎಲ್ಲ ನೆಟ್ಟಗಿನ ಕಂಬಗಳು. ತಳ್ಳಿದರೆ ಕಂಬ ಓರೆಯಾಗುತ್ತದೆ, ದಪ್ಪ ಹೆಚ್ಚೇನೂ ಬದಲಾಗಲ್ಲ. ನಮ್ಮ ಅಕ್ಷರದಲ್ಲಿ ಕಂಬ ಎಲ್ಲಿದೆ? ರ, ಠ, ಅ, ದ, ಬ, ಯಾವುದನ್ನು ನೋಡಿದರೂ ಸುತ್ತು. ಪೂರ್ತಿ ಹಾಳೆಯೇ ಬಳೆ ಅಂಗಡಿ. ಹಾಗಾಗಿ ಇಂಗ್ಲಿಷಿನಲ್ಲಿ ಕೆಲವು ಅಕ್ಷರಗಳಲ್ಲಿ ಮಾತ್ರ ಕಾಣುವ ದೋಷ ಕನ್ನಡದಲ್ಲಿ ಪ್ರತಿ ಅಕ್ಷರದಲ್ಲೂ ಕಾಣುತ್ತದೆ. ಬೋಲ್ಡ್ ಆದರೆ ಇನ್ನೂ ಜಾಸ್ತಿ, ಏಕೆಂದರೆ ಗೆರೆಯೇ ದಪ್ಪ.

ಇನ್ನು ‘ಮಂಡ್ಯ’ ಪದವನ್ನೇ ತೆಗೆದುಕೊಳ್ಳಿ. ತಳ್ಳುವಾಗ ಅಡಿಗೆರೆ ಅಲುಗಾಡಲ್ಲ. ಗೆರೆಯ ಮೇಲಿನದು ಬಲಕ್ಕೆ ಹೋಗುತ್ತದೆ, ಕೆಳಗಿನದು ಎಡಕ್ಕೆ. ಡ ಅಕ್ಷರದ ತಲೆಕಟ್ಟು ಬಲಕ್ಕೆ ಓಡಿತು, ಯ ಒತ್ತು ಎಡಕ್ಕೆ ಜಾರಿತು. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ. ಬೀಳುವ ಹಾಗೆ ಕಾಣದೆ ಇನ್ನೇನಾಗುತ್ತದೆ?

ಕುಂಚದವನು

ಮೇಡಂ ಹೇಳಿದ ಒತ್ತಿನ ವಿಷಯ ನೂರಕ್ಕೆ ನೂರು ನಿಜ. ನಾನು ಅಶೋಕ ರಸ್ತೆಯ ಆಸುಪಾಸಿನಲ್ಲಿ ಮೂವತ್ತು ವರ್ಷ ಬೋರ್ಡು ಬರೆದವನು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾಯಿತು, ಫ್ಲೆಕ್ಸಣ್ಣನ ಮೇಲೆ ಸಿಟ್ಟಿಲ್ಲ.

ಕನ್ನಡವನ್ನು ವಾಲಿಸಿ ಬರೆಯಲು ಆಗಲ್ಲ ಅನ್ನೋದು ಸುಳ್ಳು. ಲಾರಿ, ಟೆಂಪೊ, ಸಿನಿಮಾ ಪೋಸ್ಟರು, ದಸರಾ ಕುಸ್ತಿಯ ಗೋಡೆ ಬರಹ, ಎಲ್ಲದರಲ್ಲೂ ದಪ್ಪ ಅಕ್ಷರ ವಾಲಿಸಿಯೇ ಬರೆದಿದ್ದೇವೆ. ಆದರೆ ನಾವು ಮೊದಲು ನೆಟ್ಟಗೆ ಬರೆದು ಆಮೇಲೆ ತಳ್ಳುತ್ತಿರಲಿಲ್ಲ. ಶುರುವಿನಿಂದಲೇ ವಾಲಿಸಿ ಬರೆಯುತ್ತಿದ್ದೆವು.

ಕ್ರಮ ಹೀಗೆ. ಸೀಮೆಸುಣ್ಣದ ದಾರ ಹೊಡೆದು ಮೇಲೊಂದು ಕೆಳಗೊಂದು ಅಡ್ಡಗೆರೆ. ಪ್ಲೈವುಡ್ ತುಂಡನ್ನು ಓರೆ ಕತ್ತರಿಸಿ ಇಟ್ಟುಕೊಂಡಿರುತ್ತೇವೆ, ಅದರಿಂದ ಗೇಣಿಗೊಂದು ಓರೆಗೆರೆ. ತಲೆಕಟ್ಟು ಮಾತ್ರ ಅಡ್ಡಗೆರೆಗೆ ಸರಿಯಾಗಿ ಮಲಗಿರಬೇಕು. ಸುತ್ತು ಬರೆಯುವಾಗ ಓರೆಗೆರೆಯ ಕಡೆಗೆ ಹೊಟ್ಟೆ ಎಳೆಯಬೇಕು, ಕುಂಚ ಒತ್ತುವುದು ಮಾತ್ರ ಎಲ್ಲ ಕಡೆ ಒಂದೇ ಸಮ. ಒತ್ತಕ್ಷರ ಕೊನೆಗೆ. ಅದೂ ಓರೆಯಾಗಿಯೇ ಇರುತ್ತದೆ, ಆದರೆ ಅದರ ಜಾಗ ಕಣ್ಣಳತೆಯಲ್ಲಿ. ಒತ್ತು ತನ್ನ ಅಕ್ಷರದ ಕಾಲ ಬುಡದಲ್ಲೇ ಕೂರಬೇಕು, ಹಿಂದಿನವರ ಮನೆಗೆ ನುಗ್ಗಬಾರದು. ನಮ್ಮ ಗುರುಗಳು ಇಷ್ಟಕ್ಕೇ ಕಿವಿ ಹಿಂಡುತ್ತಿದ್ದರು.

ಮಂಡ್ಯ ಫ್ಲೆಕ್ಸಣ್ಣ

ಅಣ್ಣಾ, ಓರೆ ಎಷ್ಟು ಇಡುತ್ತಿದ್ದಿರಿ?

ಕುಂಚದವನು

ಡಿಗ್ರಿ ನಮಗೆ ಗೊತ್ತಿಲ್ಲ. ಒಂದಡಿ ಎತ್ತರದ ಅಕ್ಷರಕ್ಕೆ ಮೂರು ಬೆರಳು. ಲಾರಿಗೆ ನಾಲ್ಕು. ಮದುವೆ ಛತ್ರಕ್ಕೆ ವಾಲಿಸಿ ಬರೆಯಲೇ ಬಾರದು, ಮನೆಯವರು ಬೈಯುತ್ತಾರೆ.

ಸೊನ್ನೆ ಸುತ್ತು

ಮೂರು ಬೆರಳು ಅಂದರೆ ಎರಡು ಇಂಚಿಗೆ ಸ್ವಲ್ಪ ಕಡಿಮೆ. ಒಂದಡಿಗೆ ಎರಡು ಇಂಚು ಅಂದರೆ 9 ರಿಂದ 10 ಡಿಗ್ರಿ. ಒಳ್ಳೆಯ ಇಂಗ್ಲಿಷ್ ಸ್ಯಾನ್ಸ್ (ಸೆರಿಫ್, ಅಂದರೆ ಗೆರೆಯ ತುದಿಯ ಚಿಕ್ಕ ಚಾಚು, ಇಲ್ಲದ) ಇಟಾಲಿಕ್‌ಗಳು ಹೆಚ್ಚಾಗಿ 8 ರಿಂದ 12ರ ಒಳಗೇ ಇರುತ್ತವೆ. ಪ್ಲೈವುಡ್ ತುಂಡು ಸರಿಯಾಗಿಯೇ ಇತ್ತು ನೋಡಿ!

ಹಳೇ ಮೊಳೆ

ಮೈಸೂರಿನ ಶಿವರಾಂಪೇಟೆಯ ಒಂದು ಪ್ರೆಸ್ಸಿನಲ್ಲಿ ಇಪ್ಪತ್ತೆರಡು ವರ್ಷ ಮೊಳೆ (ಅಚ್ಚಿನ ಸೀಸದ ಅಕ್ಷರ) ಜೋಡಿಸಿದವನು ನಾನು. ಟ್ರೆಡಲ್ ಮುದ್ರಣಯಂತ್ರದ ಸದ್ದು ಈಗಲೂ ಕಿವಿಯಲ್ಲಿದೆ.

ನಮ್ಮಲ್ಲಿ ಕನ್ನಡದ ಓರೆ ಮೊಳೆ ಇರಲಿಲ್ಲ. ಇಂಗ್ಲಿಷ್ ಇಟಾಲಿಕ್ ಕೇಸು (ಮೊಳೆ ಇಡುವ ಪೆಟ್ಟಿಗೆ) ಒಂದಿತ್ತು, ಅದೊಂದು ಕಾಟ. ಇಟಾಲಿಕ್ ಎಫ್ ಅಕ್ಷರದ ತಲೆ ಮತ್ತು ಬಾಲ ಮೊಳೆಯ ಮೈ ದಾಟಿ ಹೊರಗೆ ಚಾಚಿರುತ್ತವೆ. ಪಕ್ಕದ ಮೊಳೆಯ ಭುಜದ ಮೇಲೆ ಕೂತ ಹಾಗೆ. ಸ್ವಲ್ಪ ಬಿಗಿ ಜಾಸ್ತಿಯಾದರೆ ಪುಟ್ಟನೆ ಮುರಿಯುತ್ತಿತ್ತು. ನಮ್ಮ ಕನ್ನಡದಲ್ಲಿ ಗುಣಿತ, ದೀರ್ಘ, ಒತ್ತು ಅಂತ ಮೊದಲೇ ಕೇಸಿನ ತುಂಬ ಸಾಮಾನು. ಅದರ ಮೇಲೆ ಓರೆ ಬೇರೆ ಇದ್ದಿದ್ದರೆ ದಿನಕ್ಕೆ ಎಷ್ಟು ಮೊಳೆ ಮುರಿಯುತ್ತಿದ್ದವೋ!

ಒಂದು ಮಾತಿಗೆ ಒತ್ತು ಕೊಡಬೇಕಾದರೆ ದಪ್ಪ ಮೊಳೆ ಹಾಕುತ್ತಿದ್ದೆವು. ಅಥವಾ ಉದ್ಧರಣ ಚಿಹ್ನೆ. ಪುಸ್ತಕದ ಹೆಸರಿಗೂ ಅದೇ. ಯಾವ ಲೇಖಕರೂ ‘ಓರೆ ಇಲ್ಲವಾ?’ ಅಂತ ಕೇಳಿದ್ದು ನೆನಪಿಲ್ಲ.

ಏಕಾರ

ಹಳೇ ಮೊಳೆಯವರ ಕೊನೆಯ ಸಾಲು ಓದಿ ಸುಮ್ನೆ ಹೋಗಲು ಆಗಲಿಲ್ಲ. ನಾನು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುತ್ತೇನೆ. ಲೇಖಕರು ಯಾಕೆ ಕೇಳಲಿಲ್ಲ ಅಂದರೆ, ಅವರಿಗೆ ಬೇಕಾಗಿರಲಿಲ್ಲ.

ಇಂಗ್ಲಿಷ್ ಕಾದಂಬರಿಯಲ್ಲಿ ‘ಅವನು’ ಎಂಬ ಪದ ಇಟಾಲಿಕ್‌ನಲ್ಲಿದ್ದರೆ ಓದುವವರು ಅಲ್ಲಿ ದನಿ ಎತ್ತುತ್ತಾರೆ. ಬೇರೆ ಯಾರೂ ಅಲ್ಲ, ಅವನು ಅಂತ. ಅದನ್ನು ನಾನು ಕನ್ನಡಕ್ಕೆ ತಂದಾಗ ಅಕ್ಷರ ವಾಲಿಸಬೇಕಿಲ್ಲ. ‘ಅವನೇ ಹೇಳಿದ್ದು’ ಅಂತ ಬರೆದರೆ ಮುಗಿಯಿತು. ಆ ‘ಏ’ ನಮ್ಮ ಇಟಾಲಿಕ್. ‘ಅವನೂ’, ‘ಅವನಂತೂ’, ‘ಅವನು ಮಾತ್ರ’, ‘ಅವನಾ?’ ಅಂತ ಒಂದೊಂದಕ್ಕೂ ಬೇರೆ ಬೇರೆ ದನಿ ಇದೆ. ಪದದ ಜಾಗ ಬದಲಿಸಿದರೂ ಒತ್ತು ಬದಲಾಗುತ್ತದೆ. ‘ನಾನು ನಿನ್ನೆ ಬಂದೆ’ ಬೇರೆ, ‘ನಿನ್ನೆ ಬಂದಿದ್ದು ನಾನು’ ಬೇರೆ.

ಇಂಗ್ಲಿಷ್ ಮೂಲದಲ್ಲಿ ಇಟಾಲಿಕ್ ಇದೆ ಅಂತ ಕನ್ನಡದಲ್ಲೂ ಹಾಕಿದರೆ ‘ಅವನೇ’ ಮೇಲೆ ಇನ್ನೊಂದು ಏಕಾರ ಹಚ್ಚಿದ ಹಾಗೆ. ಹೋಳಿಗೆಗೆ ಸಕ್ಕರೆ ಪಾಕ ಸುರಿದಂತೆ. ಸಕ್ಕರೆ ನಾಡಿನವರು ಬೇಸರ ಮಾಡಿಕೊಳ್ಳಬೇಡಿ.

ಕಬ್ಬಿನಗದ್ದೆ

ಬೇಸರ ಇಲ್ಲ, ಇನ್ನೊಂದು ಹೋಳಿಗೆ ಹಾಕಿ. ಆದರೆ ಫ್ಲೆಕ್ಸಣ್ಣ ಕಾದಂಬರಿ ಅಚ್ಚು ಹಾಕುತ್ತಿಲ್ಲ, ಜೆರ್ಸಿ ಹಾಕುತ್ತಿದ್ದಾನೆ. ಅಲ್ಲಿ ಬೇಕಾಗಿರುವುದು ಒತ್ತು ಅಲ್ಲ, ಓಟ.

ಸೊನ್ನೆ ಸುತ್ತು

ಇದು ಸರಿಯಾದ ಮಾತು. ಓದಿಸುವ ಇಟಾಲಿಕ್ ಬೇರೆ, ಓಡಿಸುವ ಇಟಾಲಿಕ್ ಬೇರೆ.

ಇತಿಹಾಸ ನೋಡಿದರೆ ಬೋಲ್ಡ್ ಇಟಾಲಿಕ್ ಸ್ಯಾನ್ಸ್ ಅನ್ನೋದು ಮೂರು ಕಾಲದ ಮೂರು ವಸ್ತು ಸೇರಿ ಆದ ಮಿಶ್ರತಳಿ. ಓರೆ ಅಕ್ಷರ ಬಂದದ್ದು ವೆನಿಸ್‌ನಿಂದ. ಅಲ್ಡಸ್ ಮನೂಷಿಯಸ್ ಅವರ ಮುದ್ರಣಾಲಯಕ್ಕಾಗಿ ಫ್ರಾಂಚೆಸ್ಕೊ ಗ್ರಿಫೊ ಕೊರೆದ ಮೊಳೆಗಳಲ್ಲಿ 1501ರಲ್ಲಿ ಇಡೀ ಪುಸ್ತಕವೇ ಅಚ್ಚಾಯಿತು. ಆಗ ಅದು ಒತ್ತು ಕೊಡುವ ಅಕ್ಷರ ಅಲ್ಲ, ಓದುವ ಅಕ್ಷರ. ಅಂದಿನ ವಿದ್ವಾಂಸರ ಕೈಬರಹದ ನಕಲು. ಸೆರಿಫ್ ಇಲ್ಲದ ಮೊಳೆ ಬಂದದ್ದು ಮುನ್ನೂರು ವರ್ಷ ಬಿಟ್ಟು. 1816ರಲ್ಲಿ ಲಂಡನ್ನಿನ ನಾಲ್ಕನೇ ವಿಲಿಯಂ ಕ್ಯಾಸ್ಲನ್ ಅವರ ಮಾದರಿ ಪುಸ್ತಕದಲ್ಲಿ, ಅದೂ ಬರೀ ದೊಡ್ಡಕ್ಷರ. (ಅದರ ಮರುವರ್ಷ, 1817ರಲ್ಲಿ, ಸೆರಾಂಪುರದಲ್ಲಿ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ ಅಚ್ಚಾಯಿತು. ಲಂಡನ್ನಿನಲ್ಲಿ ಸೆರಿಫ್ ಕಿತ್ತು ಹಾಕುವ ಹೊತ್ತಿಗೆ ನಮ್ಮ ಅಕ್ಷರ ಇನ್ನೂ ಸೀಸಕ್ಕೆ ಇಳಿಯುತ್ತಿತ್ತು.) ದಪ್ಪ ಅಕ್ಷರ ಜೋರಾದದ್ದೂ ಅದೇ ಶತಮಾನದ ಜಾಹೀರಾತುಗಳಿಂದ. ಗೋಡೆಗೆ ಅಂಟಿಸಿದ ಕಾಗದ ದೂರಕ್ಕೆ ಕೂಗಬೇಕಿತ್ತು.

ಮೂರನ್ನೂ ಸೇರಿಸಿದರೆ ಬರುವ ಸ್ವಭಾವ ನೋಡಿ. ಸೆರಿಫ್ ಇಲ್ಲ, ಹಾಗಾಗಿ ಬಿಗುಮಾನ ಇಲ್ಲ. ದಪ್ಪ, ಹಾಗಾಗಿ ದನಿ ದೊಡ್ಡದು. ಓರೆ, ಹಾಗಾಗಿ ಅವಸರ. ಸಂತೆಯಲ್ಲಿ ಕೂಗುತ್ತಾ ನಡೆಯುವವನ ಥರ. ನೈಕಿ ಕಂಪನಿಯ ಹಳೆಯ ಹೆಸರು-ಗುರುತು ಫ್ಯೂಚುರಾ ಫಾಂಟಿನ ದಪ್ಪ ಓಬ್ಲಿಕ್‌ನಲ್ಲಿ ಇದ್ದದ್ದು ಸುಮ್ನೆ ಅಲ್ಲ. ಅಮೆರಿಕದ ಕಲಾವಿದೆ ಬಾರ್ಬರಾ ಕ್ರೂಗರ್ ಕೆಂಪು ಪಟ್ಟಿಯ ಮೇಲೆ ಬಿಳಿಯ ಫ್ಯೂಚುರಾ ಬೋಲ್ಡ್ ಓಬ್ಲಿಕ್ ಹಾಕಿ, ಜಾಹೀರಾತಿನ ಅದೇ ಗದರುವ ದನಿಯನ್ನು ಜಾಹೀರಾತಿಗೇ ತಿರುಗಿಸಿದರು. ಅದೇ ಅಕ್ಷರ ಶ್ರದ್ಧಾಂಜಲಿ ಕಾರ್ಡಿಗೆ ಹಾಕಿ ನೋಡಿ, ನಗು ಬರುತ್ತದೆ.

ಹಳೇ ಮೊಳೆ

ಹಾಕಿದವರಿದ್ದಾರೆ. ನಾನೇ ಪ್ರೂಫ್ ನೋಡಿ ತಡೆದೆ.

ಮಂಡ್ಯ ಫ್ಲೆಕ್ಸಣ್ಣ

ಮೇಡಂ, ಓಬ್ಲಿಕ್ ಮತ್ತು ಇಟಾಲಿಕ್ ಅಂತ ಎರಡು ಹೆಸರು ಯಾಕೆ? ಮೆನುವಿನಲ್ಲಿ ಒಂದು ಫಾಂಟಿಗೆ ಅದು, ಇನ್ನೊಂದಕ್ಕೆ ಇದು ಬರುತ್ತದೆ.

ಸೊನ್ನೆ ಸುತ್ತು

ಓಬ್ಲಿಕ್ ಅಂದರೆ ನೆಟ್ಟಗಿನ ಆಕಾರವೇ ಓರೆಯಾದದ್ದು. ಇಟಾಲಿಕ್ ಅಂದರೆ ಆಕಾರವೇ ಕೈಬರಹದ ಕಡೆಗೆ ಬದಲಾದದ್ದು. ಇಂಗ್ಲಿಷ್ ಚಿಕ್ಕ ಎ ನೋಡಿ. ಹೆಲ್ವೆಟಿಕಾದ ಓರೆಯಲ್ಲಿ ಅದು ಎರಡಂತಸ್ತಿನ ಎ ಆಗಿಯೇ ಉಳಿಯುತ್ತದೆ. ಎರಿಕ್ ಗಿಲ್ ಅವರ ಗಿಲ್ ಸ್ಯಾನ್ಸ್ ಇಟಾಲಿಕ್‌ನಲ್ಲಿ ಒಂದಂತಸ್ತಿಗೆ ಇಳಿಯುತ್ತದೆ, ನಾವು ಕೈಯಲ್ಲಿ ಬರೆಯುವ ಹಾಗೆ. ಆಫೀಸಿನಲ್ಲಿ ಎಲ್ಲರೂ ನೋಡಿರುವ ಕ್ಯಾಲಿಬ್ರಿಯ ಇಟಾಲಿಕ್ ಕೂಡ ನಿಜವಾದ ಇಟಾಲಿಕ್.

ಓಬ್ಲಿಕ್ ಅಂದರೆ ಕೀಳು ಅಂತ ಅಲ್ಲ. ಒಳ್ಳೆಯ ಓಬ್ಲಿಕ್‌ನಲ್ಲಿ ತಳ್ಳಿದ ಮೇಲೆ ಕೂತು ಸುತ್ತುಗಳನ್ನೆಲ್ಲ ಕೈಯಲ್ಲಿ ತಿದ್ದಿರುತ್ತಾರೆ, ನಾನು ಹೇಳಿದ ಶೇ. 13ರ ಊತ ಇಳಿಸಲು. 1957ರಲ್ಲಿ ಬಂದ ಯೂನಿವರ್ಸ್ ಕುಟುಂಬದಲ್ಲಿ ಏಡ್ರಿಯನ್ ಫ್ರೂಟಿಗರ್ 21 ರೂಪಗಳಿಗೆ ಹೆಸರಿನ ಬದಲು ಅಂಕಿ ಕೊಟ್ಟರು. 65 ಅಂದರೆ ಬೋಲ್ಡ್, 66 ಅಂದರೆ ಅದರ ಓರೆ. ಅಂದರೆ ಬೋಲ್ಡ್ ಇಟಾಲಿಕ್‌ಗೂ ಮನೆಯಲ್ಲಿ ಒಂದು ಗೊತ್ತಾದ ಜಾಗ. ನಮ್ಮ ಕನ್ನಡ ಫಾಂಟುಗಳಲ್ಲಿ ಬೋಲ್ಡ್ ಬರುವುದೇ ದೊಡ್ಡದು. ಬೋಲ್ಡ್ ಇಟಾಲಿಕ್ ಅಂದರೆ ಹೆಚ್ಚಾಗಿ ಸಾಫ್ಟ್‌ವೇರ್ ಮಾಡುವ ಸುಳ್ಳು.

ಇನ್ನೊಂದು ವಿಷಯ. ದಪ್ಪ ಹೆಚ್ಚಾದರೆ ನಮ್ಮಲ್ಲಿ ಮೊದಲು ಸಾಯುವುದು ಹೊಟ್ಟೆ ಸೀಳು. ದ ಮತ್ತು ಧ, ಪ ಮತ್ತು ಫ, ಡ ಮತ್ತು ಢ ನಡುವೆ ಇರುವ ವ್ಯತ್ಯಾಸ ಆ ಒಂದು ಚೂರು ಗೆರೆ. ದಪ್ಪವೂ ಆಗಿ ಓರೆಯೂ ಆದರೆ ಅದು ಮುಚ್ಚಿಹೋಗುತ್ತದೆ. ‘ಧನ’ ಹೋಗಿ ‘ದನ’ ಆಗುತ್ತದೆ. ಸಹಕಾರ ಸಂಘದ ಬೋರ್ಡಿನಲ್ಲಿ ಇದಾದರೆ ಕಷ್ಟ.

ಕಬ್ಬಿನಗದ್ದೆ

ನಮ್ಮ ಸಂಘದಲ್ಲಿ ಎರಡೂ ಒಂದೇ. ದನ ಇದ್ದವನಿಗೇ ಧನ.

ಕಿವಿಯಲ್ಲಿ ಓದುವವಳು

ಒಂದು ಬೇರೆ ದೂರು ಹೇಳಲಾ? ನನಗೆ ಕಣ್ಣು ಕಾಣುವುದಿಲ್ಲ. ಸ್ಕ್ರೀನ್ ರೀಡರ್ ಓದಿ ಹೇಳುತ್ತದೆ. ವಾಟ್ಸ್ಆಪ್ ಗುಂಪುಗಳಲ್ಲಿ ಕೆಲವರು ತಮ್ಮ ಹೆಸರನ್ನು ಇಂಗ್ಲಿಷಿನ ‘ಸ್ಟೈಲ್’ ಅಕ್ಷರದಲ್ಲಿ ಹಾಕಿಕೊಳ್ಳುತ್ತಾರೆ. ದಪ್ಪ, ಓರೆ, ಸೆರಿಫ್ ಇಲ್ಲದ್ದು. ಅದು ನನ್ನ ಕಿವಿಗೆ ಹೇಗೆ ಬರುತ್ತದೆ ಗೊತ್ತಾ? ‘ಮ್ಯಾಥಮ್ಯಾಟಿಕಲ್ ಸ್ಯಾನ್ಸ್ ಸೆರಿಫ್ ಬೋಲ್ಡ್ ಇಟಾಲಿಕ್ ಕ್ಯಾಪಿಟಲ್ ಎಂ, ಮ್ಯಾಥಮ್ಯಾಟಿಕಲ್ ಸ್ಯಾನ್ಸ್ ಸೆರಿಫ್ ಬೋಲ್ಡ್ ಇಟಾಲಿಕ್ ಸ್ಮಾಲ್ ಎ…’ ಹೀಗೆ. ಹೆಸರು ಮುಗಿಯುವ ಹೊತ್ತಿಗೆ ನನ್ನ ಕಾಫಿ ಆರಿರುತ್ತದೆ. ಕೆಲವು ರೀಡರುಗಳು ಆ ಹೆಸರನ್ನು ಹಾರಿಸಿಯೇ ಬಿಡುತ್ತವೆ. ಆಗ ಮಾತಾಡಿದ್ದು ಯಾರು ಅಂತಲೇ ಗೊತ್ತಾಗಲ್ಲ.

ಮಂಡ್ಯ ಫ್ಲೆಕ್ಸಣ್ಣ

ಅಯ್ಯೋ. ನಮ್ಮ ಅಂಗಡಿಯ ಹೆಸರೂ ಹಾಗೆಯೇ ಇದೆ. ಅದು ಫಾಂಟ್ ಅಲ್ವಾ?

ಭೌತಶಾಸ್ತ್ರದ ಮೇಷ್ಟ್ರು

ಅಲ್ಲ. ಅವು ಬೇರೆಯದೇ ಅಕ್ಷರಗಳು. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಮಾನಕವೇ ಯೂನಿಕೋಡ್. ಯೂನಿಕೋಡ್‌ನಲ್ಲಿ 2001ರ 3.1ನೇ ಆವೃತ್ತಿಯಲ್ಲಿ ಗಣಿತಕ್ಕೆಂದು ಸೇರಿಸಿದವು. ಈ ದಪ್ಪ, ಓರೆ ವೇಷದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಸೇರಿ 52. ಗ್ರೀಕಿನವು ಬೇರೆ ಇವೆ. ಅಂಕಿಗಳಿಗೆ ಮಾತ್ರ ಓರೆ ರೂಪ ಕೊಟ್ಟಿಲ್ಲ. ಕನ್ನಡ ಇಲ್ಲವೇ ಇಲ್ಲ. ಹಾಗಾಗಿ ಆ ಅಕ್ಷರದಲ್ಲಿ ಬರೆದ ಹೆಸರನ್ನು ಹುಡುಕಿದರೂ ಎಷ್ಟೋ ಕಡೆ ಸಿಗುವುದಿಲ್ಲ. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಎಂ ಅಲ್ಲ, ಎಂ ಆಕಾರದ ಗಣಿತದ ಗುರುತು.

ಗಣಿತಕ್ಕೆ ಯಾಕೆ ಬೇಕು ಅಂದರೆ, ನಮ್ಮಲ್ಲಿ ಅಕ್ಷರದ ಬಟ್ಟೆಯೇ ಅರ್ಥ. ಸಾಮಾನ್ಯ ರಾಶಿಯಾದರೆ ಬರೀ ಇಟಾಲಿಕ್. ವೆಕ್ಟರ್ (ದಿಕ್ಕೂ ಇರುವ ರಾಶಿ) ಆದರೆ ದಪ್ಪ ಇಟಾಲಿಕ್. ಟೆನ್ಸರ್ ಆದರೆ ದಪ್ಪ ಇಟಾಲಿಕ್ ಸ್ಯಾನ್ಸ್ ಸೆರಿಫ್. ಅಂತರರಾಷ್ಟ್ರೀಯ ಮಾನಕಗಳೇ ಹೀಗೆ ಹೇಳುತ್ತವೆ. ಕನ್ನಂಬಾಡಿ ಕಟ್ಟೆಯ ಗೋಡೆಯೊಳಗೆ ಒಂದು ಬಿಂದುವಿನಲ್ಲಿ ಎಷ್ಟು ಸ್ಟ್ರೆಸ್ (ಒಳಗಿನ ಒತ್ತಡ) ಇದೆ ಅಂತ ಹೇಳಲು ಒಂದು ಸಂಖ್ಯೆ ಸಾಲದು. ಒಂಬತ್ತು ಬೇಕು, ಅದರಲ್ಲಿ ಆರು ಬೇರೆ ಬೇರೆ. ಆ ಒಂಬತ್ತೂ ಸೇರಿದ್ದೇ ಟೆನ್ಸರ್, ಅವನ್ನೆಲ್ಲ ಹೊತ್ತ ಒಂದೇ ಅಕ್ಷರ ಈ ವೇಷದಲ್ಲಿ ಬರುತ್ತದೆ. ಪಾಪ, ಕಟ್ಟೆಯ ಭಾರ ಹೊರುವ ಅಕ್ಷರವನ್ನು ಹುಡುಗರು ಡಿಪಿ ಕೆಳಗೆ ನಿಲ್ಲಿಸಿದ್ದಾರೆ.

ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಇದನ್ನೆಲ್ಲ ಬರೆಯಲು ಆಗಲ್ಲ ಅನ್ನೋದು ಬೇರೆ ಮಾತು. ನಾನು ಎರಡು ಅಡಿಗೆರೆ ಎಳೆದು ಮುಂದೆ ಹೋಗುತ್ತೇನೆ.

ಕಿವಿಯಲ್ಲಿ ಓದುವವಳು

ಸರಿ, ಈಗ ಆ ಅಕ್ಷರದ ಮೇಲಿನ ಸಿಟ್ಟು ಹೋಯಿತು. ಹಾಕಿಕೊಂಡವರ ಮೇಲೆ ಮಾತ್ರ ಉಳಿದಿದೆ. ವಾಟ್ಸ್ಆಪ್ ಸಂದೇಶದಲ್ಲಿ ಪದದ ಆಚೀಚೆ ನಕ್ಷತ್ರ ಮತ್ತು ಅಡಿಗೆರೆ ಹಾಕಿ ದಪ್ಪ, ಓರೆ ಮಾಡಿದರೆ ನನಗೆ ತೊಂದರೆ ಇಲ್ಲ. ಅಕ್ಷರ ಅದೇ ಇರುತ್ತದೆ.

ಮಂಡ್ಯ ಫ್ಲೆಕ್ಸಣ್ಣ

ಅಂಗಡಿಯ ಹೆಸರು ಈಗಷ್ಟೇ ಬದಲಿಸಿದೆ. ಕನ್ನಡದಲ್ಲೇ ಹಾಕಿದ್ದೇನೆ.

ಶಾಲೆ ಟೀಚರ್

ನಡುವೆ ಬಂದೆ. ನಮ್ಮ ಶಾಲೆಯ ಪ್ರಶ್ನೆಪತ್ರಿಕೆಯಲ್ಲಿ ಸೂಚನೆಗಳನ್ನೆಲ್ಲ ಬೋಲ್ಡ್ ಇಟಾಲಿಕ್‌ನಲ್ಲಿ ಹಾಕಿಸುವ ಅಭ್ಯಾಸ ಇದೆ. ಓದಲು ತಡವರಿಸುವ ಮಕ್ಕಳು ಅಲ್ಲೇ ಸಿಕ್ಕಿಬೀಳುತ್ತಾರೆ. ಬ್ರಿಟಿಷ್ ಡಿಸ್ಲೆಕ್ಸಿಯಾ ಅಸೋಸಿಯೇಷನ್ ಇಟಾಲಿಕ್ ಮತ್ತು ಅಡಿಗೆರೆ ಬೇಡ, ಒತ್ತು ಬೇಕಾದರೆ ಬರೀ ದಪ್ಪ ಸಾಕು ಅನ್ನುತ್ತದೆ. ಅದು ಇಂಗ್ಲಿಷ್ ಮಕ್ಕಳಿಗೆ ಹೇಳಿದ್ದು. ಆದರೆ ಮೇಲೆ ಹೇಳಿದ ಬಳೆಗಳ ಲೆಕ್ಕ ನೋಡಿದರೆ ನಮ್ಮ ಮಕ್ಕಳಿಗೆ ಇನ್ನೂ ಜಾಸ್ತಿ ಹೊಂದುತ್ತದೆ ಅನ್ನಿಸಿತು.

ತೋಟದ ಹುಚ್ಚು

ನಂದೊಂದು ಪ್ರಶ್ನೆ. ಗಿಡಗಳ ಫಲಕದಲ್ಲಿ ವೈಜ್ಞಾನಿಕ ಹೆಸರು ಇಟಾಲಿಕ್‌ನಲ್ಲೇ ಇರಬೇಕು ಅನ್ನುತ್ತಾರೆ. ಫಲಕ ಪೂರ್ತಿ ಬೋಲ್ಡ್ ಸ್ಯಾನ್ಸ್ ಆದರೆ ಅದು ತಾನಾಗಿಯೇ ಬೋಲ್ಡ್ ಇಟಾಲಿಕ್ ಆಗುತ್ತದೆ. ಸರಿ. ಆದರೆ ಕಬ್ಬಿಗೆ ‘ಸ್ಯಾಕರಮ್ ಅಫಿಸಿನಾರಮ್’ ಅಂತ ಕನ್ನಡದಲ್ಲಿ ಬರೆದರೂ ಓರೆ ಮಾಡಬೇಕಾ?

ಏಕಾರ

ಆ ನಿಯಮ ಲ್ಯಾಟಿನ್ ಅಕ್ಷರದಲ್ಲಿ ಬರೆದ ಹೆಸರಿಗೆ. ಕನ್ನಡದಲ್ಲಿ ಬರೆದ ಕೂಡಲೇ ಅದು ಉಚ್ಚಾರಣೆ ತಿಳಿಸುವ ಸಾಲು ಮಾತ್ರ. ನಾನಾಗಿದ್ದರೆ ನೆಟ್ಟಗೇ ಬಿಡುತ್ತೇನೆ.

ಕಬ್ಬಿನಗದ್ದೆ

ಕಬ್ಬು ನೆಟ್ಟಗಿದ್ದರೇ ಬೆಲೆ. ಗಾಳಿಗೆ ಮಲಗಿದ ಗದ್ದೆಯವನ ಹತ್ತಿರ ಇಟಾಲಿಕ್ ಮಾತಾಡಬೇಡಿ.

ಜಾಲತಾಣದ ಕೆಲಸದವನು

ವೆಬ್‌ಸೈಟ್ ಮಾಡುವವರಿಗೆ ಒಂದು ಸಣ್ಣ ಉಪಾಯ. ಪುಟದ ರೂಪ ಹೇಗಿರಬೇಕು ಅಂತ ಬ್ರೌಸರಿಗೆ ಹೇಳುವ ಭಾಷೆ ಸಿಎಸ್‌ಎಸ್. ಸಿಎಸ್‌ಎಸ್‌ನಲ್ಲಿ ಫಾಂಟ್-ಸಿಂಥೆಸಿಸ್ ಅಂತ ಒಂದು ಸೂಚನೆ ಇದೆ. ಅದಕ್ಕೆ ‘ನನ್’ ಅಂತ ಕೊಟ್ಟರೆ ಫಾಂಟಿನಲ್ಲಿ ಇಲ್ಲದ ಓರೆ, ಇಲ್ಲದ ದಪ್ಪವನ್ನು ಬ್ರೌಸರ್ ತಾನೇ ಸೃಷ್ಟಿಸುವುದು ನಿಲ್ಲುತ್ತದೆ. ನಾನು ಕನ್ನಡ ಪುಟಗಳಲ್ಲಿ ಒತ್ತಿ ಹೇಳಬೇಕಾದ ಪದಕ್ಕೆ ಓರೆ ತೆಗೆದು ಅರೆ-ದಪ್ಪ ಕೊಡುತ್ತೇನೆ. ಇಂಗ್ಲಿಷ್ ಪದ ನಡುವೆ ಬಂದರೆ ಅದಕ್ಕೆ ಮಾತ್ರ ಓರೆ. ಇದುವರೆಗೆ ಯಾರೂ ದೂರಿಲ್ಲ.

ಸೊನ್ನೆ ಸುತ್ತು

ಅಂದ ಹಾಗೆ ಫ್ಲೆಕ್ಸಣ್ಣ, ಕನ್ನಡ ಅಂಕಿಯ ವಿಷಯ ಮರೆತೇ ಬಿಟ್ಟೆವು. ೬, ೭, ೯ ಮೂರನ್ನೂ ದಪ್ಪ ಮಾಡಿ ವಾಲಿಸಿ, ಇಪ್ಪತ್ತಡಿ ದೂರ ನಿಂತು ನೋಡಿ. ಯಾವುದು ಯಾವುದು ಅಂತ ಅಂಪೈರ್‌ಗೂ ಗೊತ್ತಾಗಲ್ಲ. ನಮ್ಮ ಮೈಸೂರಿನ ದೊಡ್ಡ ಗಡಿಯಾರದ ಮುಖದಲ್ಲಿ ಕನ್ನಡ ಅಂಕಿಗಳು ಇವೆಯಲ್ಲ, ಅಲ್ಲಿ ಜಾಗ ನೋಡಿಯೇ ಗಂಟೆ ಗೊತ್ತಾಗುತ್ತದೆ. ಜೆರ್ಸಿಗೆ ಆ ಅನುಕೂಲ ಇಲ್ಲ. ಅಂಕಿ ನೆಟ್ಟಗಿರಲಿ.

ಕುಂಚದವನು

ಅಂಕಿ ನೆಟ್ಟಗೆ, ಹೆಸರು ಓರೆ ಅಂದರೆ ಚೆನ್ನಾಗಿರಲ್ಲ ಮೇಡಂ. ಒಂದೇ ಬೆನ್ನಿನ ಮೇಲೆ ಎರಡು ಗಾಳಿ ಬೀಸಿದ ಹಾಗೆ.

ಸೊನ್ನೆ ಸುತ್ತು

ಚೆನ್ನಾಗಿರುವುದಕ್ಕಿಂತ ಗೊತ್ತಾಗುವುದು ಮುಖ್ಯ ಅಲ್ವಾ?

ಕುಂಚದವನು

ಕಬಡ್ಡಿಯಲ್ಲಿ ಎರಡೂ ಮುಖ್ಯ. ಅಂಕಿಗೂ ಓರೆ ಕೊಡಿ, ಆದರೆ ಅರ್ಧ. ಬಾಲ ಮಾತ್ರ ಉದ್ದ ಎಳೆಯಿರಿ. ೬ರ ಬಾಲ ಎಲ್ಲಿ ಮುಗಿಯುತ್ತದೆ, ೯ರದ್ದು ಎಲ್ಲಿ ಅಂತ ಕಂಡರೆ ಸಾಕು.

ಮಂಡ್ಯ ಫ್ಲೆಕ್ಸಣ್ಣ

ಮೂರು ದಿನದ ನಂತರ ಬರುತ್ತಿದ್ದೇನೆ, ಕ್ಷಮಿಸಿ. ಕರೆಂಟ್, ಗಿರಾಕಿ, ಎಲ್ಲ ಒಟ್ಟಿಗೆ.

ಮಾಡಿದ್ದು ಇಷ್ಟು. ಪೂರ್ತಿ ಬೋಲ್ಡ್ ಬಿಟ್ಟು ಒಂದು ಮೆಟ್ಟಿಲು ಕೆಳಗಿನ ಅರೆ-ದಪ್ಪ ತೆಗೆದುಕೊಂಡೆ. ಅಕ್ಷರಗಳನ್ನು ಗೆರೆಚಿತ್ರವಾಗಿ ಮಾರ್ಪಡಿಸಿ, 14ರ ಬದಲು 9 ಡಿಗ್ರಿ ತಳ್ಳಿದೆ. ಆಮೇಲೆ ಯ ಒತ್ತನ್ನು ಬಿಡಿಸಿ, ಬಲಕ್ಕೆ ಎಳೆದು, ಡ ಅಕ್ಷರದ ಕಾಲ ಬುಡದಲ್ಲಿ ಕೂರಿಸಿದೆ. ಮ ಅಕ್ಷರದ ಸುತ್ತುಗಳಲ್ಲಿ ಊದಿದ ಜಾಗ ಸ್ವಲ್ಪ ಕೊರೆದೆ. ಸೊನ್ನೆಯನ್ನು ತಳ್ಳಲೇ ಇಲ್ಲ, ದುಂಡಗೇ ಬಿಟ್ಟೆ. ನಾಲ್ಕಕ್ಷರವೂ ಇಲ್ಲದ ಒಂದು ಪದಕ್ಕೆ ಎರಡು ಗಂಟೆ ಹಿಡಿಯಿತು. ಇಂಗ್ಲಿಷಿಗೆ ಎರಡು ಸೆಕೆಂಡ್.

ಹುಡುಗರಿಗೆ ಎರಡೂ ತೋರಿಸಿದೆ, ಹಳೆಯದು ಮತ್ತು ಹೊಸದು. ಯಾವುದು ಯಾವುದು ಅಂತ ಹೇಳಲಿಲ್ಲ. ಎಲ್ಲರೂ ಹೊಸದರ ಮೇಲೆ ಬೆರಳಿಟ್ಟರು. ಯಾಕೆ ಅಂತ ಕೇಳಿದರೆ ಒಬ್ಬ, “ಇದರಲ್ಲಿ ಕಾಲು ಗಟ್ಟಿ ಇದೆ ಅಣ್ಣ” ಅಂದ. ಕಬಡ್ಡಿ ಆಡುವವನ ಬಾಯಲ್ಲಿ ಬರುವ ಮಾತೇ ಅದು.

ಅಂಕಿಗೆ ಕುಂಚದವರ ಅರ್ಧ ಓರೆ. ಆಟಗಾರರ ಹೆಸರು ಮಾತ್ರ ನೆಟ್ಟಗೆ, ಸಣ್ಣದಾಗಿ, ಅರೆ-ದಪ್ಪದಲ್ಲಿ. ಹನ್ನೆರಡು ಹೆಸರಿನ ಒತ್ತುಗಳನ್ನು ಎಳೆಯುತ್ತಾ ಕೂರಲು ನನ್ನಿಂದ ಆಗಲ್ಲ. ಅದರಲ್ಲಿ ಒಬ್ಬನ ಹೆಸರಿನಲ್ಲಿ ಮೂರು ಒತ್ತು.

ಹಳೇ ಮೊಳೆ

ಫೋಟೊ ಹಾಕಪ್ಪ, ನೋಡೋಣ.

ಮಂಡ್ಯ ಫ್ಲೆಕ್ಸಣ್ಣ

ಪಂದ್ಯ ಭಾನುವಾರ. ಮೈಗೆ ಹಾಕಿಕೊಂಡ ಮೇಲೆ ತೆಗೆದು ಹಾಕುತ್ತೇನೆ. ಬಟ್ಟೆ ಎಳೆದಾಗ ಓರೆ ಎಷ್ಟು ಉಳಿಯುತ್ತದೆ ಅಂತ ನನಗೂ ನೋಡಬೇಕು.

ಕಬ್ಬಿನಗದ್ದೆ

ಎದುರಾಳಿ ಹಿಡಿದು ಎಳೆದರೆ 14 ಡಿಗ್ರಿ ದಾಟುತ್ತದೆ. ನಾನೂ ಬರುತ್ತೇನೆ, ಮದ್ದೂರು ವಡೆ ನಿನ್ನ ಲೆಕ್ಕದಲ್ಲಿ.